ಓಗೊಡುವ ಕೋಶಗಳನ್ನು ಹುಡುಕಿದ ಜೆನ್ಸನ್

1958ರಲ್ಲಿ ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ಜೀವರಸಾಯನಶಾಸ್ತ್ರದ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಶಿಕಾಗೊ ವಿಶ್ವವಿದ್ಯಾಲಯದಿಂದ ಬಂದಿದ್ದ 38 ವರ್ಷದ ರಸಾಯನಶಾಸ್ತ್ರಜ್ಞರೊಬ್ಬರು ಅಲ್ಲಿ ಒಂದು ಸಣ್ಣ ಕೊಠಡಿಯಲ್ಲಿ ತಮ್ಮ ಪ್ರಬಂಧ ಮಂಡಿಸಿದರು. ಕೇಳಲು ಬಂದವರು ಐವರು. ಅವರಲ್ಲಿ ಮೂವರು ಅದೇ ಗೋಷ್ಠಿಯಲ್ಲಿ ತಮ್ಮ ಸರದಿಗಾಗಿ ಕಾದಿದ್ದ ಭಾಷಣಕಾರರು. ಅದೇ ಹೊತ್ತಿನಲ್ಲಿ ಮತ್ತೊಂದು ಸಭಾಂಗಣದಲ್ಲಿ ಅದೇ ಹಾರ್ಮೋನಿನ ಬಗ್ಗೆ, ಆದರೆ ಆಗ ಪ್ರಚಲಿತವಾಗಿದ್ದ ಸಿದ್ಧಾಂತದ ಬಗ್ಗೆ, ನಡೆಯುತ್ತಿದ್ದ ಗೋಷ್ಠಿಗೆ ಸಾವಿರದಷ್ಟು ಜನ ಸೇರಿದ್ದರು. ಆ ಸಿದ್ಧಾಂತ ಇಂದು ವಿಜ್ಞಾನದ ಚರಿತ್ರೆ ಬರೆಯುವವರಿಗೆ ಮಾತ್ರ ಬೇಕಾದ ಸಂಗತಿ. ಐವರು ಕೇಳಿದ ಪ್ರಬಂಧವಾದರೋ ಜಗತ್ತಿನ ಪ್ರತಿಯೊಂದು ಕ್ಯಾನ್ಸರ್ ಆಸ್ಪತ್ರೆಯ ದಿನನಿತ್ಯದ ವ್ಯವಹಾರವಾಗಿದೆ. ಸ್ತನದ ಕ್ಯಾನ್ಸರಿನ ವರದಿಯ ಕೊನೆಯ ಸಾಲುಗಳಲ್ಲಿ ‘ಇ.ಆರ್. ಪಾಸಿಟಿವ್’ ಎಂದೋ ‘ನೆಗೆಟಿವ್’ ಎಂದೋ ಬರೆದಿರುತ್ತದಲ್ಲ, ಆ ಎರಡು ಅಕ್ಷರಗಳ ಹಿಂದಿರುವ ವ್ಯಕ್ತಿ ಅವರು: ಎಲ್‌ವುಡ್ ಜೆನ್ಸನ್.

ಜೆನ್ಸನ್ ಕೇಳಿದ ಪ್ರಶ್ನೆ ಎಷ್ಟು ಸರಳವಾದದ್ದೆಂದರೆ, ಅದನ್ನು ಯಾರೂ ಕೇಳಿರಲಿಲ್ಲವೆಂಬುದೇ ಆಶ್ಚರ್ಯ. 1905ರಲ್ಲಿ ಲಂಡನ್ನಿನ ಶರೀರಶಾಸ್ತ್ರಜ್ಞ ಅರ್ನೆಸ್ಟ್ ಸ್ಟಾರ್ಲಿಂಗ್ ‘ಹಾರ್ಮೋನ್’ ಎಂಬ ಹೆಸರನ್ನು ಬಳಕೆಗೆ ತಂದರು. ಒಂದು ಗ್ರಂಥಿಯಲ್ಲಿ ಹುಟ್ಟಿ, ರಕ್ತದೊಡನೆ ಹರಿದು, ದೂರದ ಅಂಗವೊಂದನ್ನು ಎಚ್ಚರಿಸುವ ವಸ್ತು ಎಂಬುದು ಅದರ ಅರ್ಥ. ಆದರೆ ರಕ್ತವು ದೇಹದ ಎಲ್ಲ ಕಡೆಗೂ ಹರಿಯುತ್ತದೆ. ಅಂಡಾಶಯದಿಂದ ಹೊರಟ ಈಸ್ಟ್ರೋಜೆನ್ ಗರ್ಭಕೋಶವನ್ನು ತಲುಪುವಂತೆಯೇ ತೊಡೆಯ ಸ್ನಾಯುವನ್ನೂ ತಲುಪುತ್ತದೆ. ಗರ್ಭಕೋಶ ಬೆಳೆಯುತ್ತದೆ, ತೊಡೆಯ ಸ್ನಾಯು ಸುಮ್ಮನಿರುತ್ತದೆ. ಏಕೆ? ಹಳ್ಳಿಯಲ್ಲಿ ಡಂಗುರ ಸಾರಿದರೆ ಎಲ್ಲರ ಕಿವಿಗೂ ಬೀಳುತ್ತದೆ, ಎದ್ದು ಬರುವವನು ಹೆಸರು ಕೂಗಿಸಿಕೊಂಡವನೊಬ್ಬನೇ. ಇಲ್ಲಿ ಡಂಗುರದವನು ಹೆಸರನ್ನೇ ಕೂಗುತ್ತಿಲ್ಲ. ಹಾಗಿದ್ದೂ ಕೆಲವರು ಮಾತ್ರ ಏಳುತ್ತಾರೆ. ಜೀವರಸಾಯನಶಾಸ್ತ್ರವನ್ನು ಮೂರು ದಶಕ ಪಾಠ ಹೇಳಿದ ನನಗೆ, ಈ ಒಂದು ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲೆ ಬರೆದು ಹತ್ತು ನಿಮಿಷ ಸುಮ್ಮನೆ ನಿಂತರೆ ತರಗತಿ ತಾನಾಗಿ ಚುರುಕಾಗುತ್ತಿದ್ದುದು ನೆನಪಿದೆ.

ಜೆನ್ಸನ್ ಹುಟ್ಟಿದ್ದು 1920ರ ಜನವರಿ 13ರಂದು, ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಫಾರ್ಗೋ ಎಂಬ ಊರಿನಲ್ಲಿ. ಬೆಳೆದದ್ದು ಒಹಾಯೊ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ. ಅಲ್ಲಿನ ವಿಟೆನ್‌ಬರ್ಗ್ ಕಾಲೇಜಿನಲ್ಲಿ 1940ರಲ್ಲಿ ಪದವಿ, ಶಿಕಾಗೊದಲ್ಲಿ 1944ರಲ್ಲಿ ಸಾವಯವ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್. ಅದು ಯುದ್ಧದ ಕಾಲ. ತರುಣ ರಸಾಯನಶಾಸ್ತ್ರಜ್ಞರನ್ನು ಸರ್ಕಾರ ವಿಷಾನಿಲಗಳ ಸಂಶೋಧನೆಗೆ ಹಚ್ಚಿತ್ತು. ಜೆನ್ಸನ್ ಆ ಕೆಲಸದಲ್ಲಿ ವಿಷ ತಗುಲಿ ಎರಡು ಬಾರಿ ಆಸ್ಪತ್ರೆ ಸೇರಿದರು. ಕೊಲ್ಲುವ ಅಣುಗಳ ಸಹವಾಸ ಸಾಕಾಗಿ ದೇಹದೊಳಗಿನ ಅಣುಗಳತ್ತ ಅವರ ಮನಸ್ಸು ತಿರುಗಿದ್ದು ಆಗಲೇ.

ಯುದ್ಧ ಮುಗಿದ ಮೇಲೆ ಗುಗೆನ್‌ಹೈಮ್ ವಿದ್ಯಾರ್ಥಿವೇತನ ಪಡೆದು ಅವರು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೆ ಹೋದರು. ಸ್ಟೀರಾಯ್ಡ್ ಹಾರ್ಮೋನುಗಳ ರಸಾಯನಶಾಸ್ತ್ರದಲ್ಲಿ ಆಚಾರ್ಯರೆನಿಸಿದ್ದ ಲಿಯೊಪೋಲ್ಡ್ ರುಜಿಚ್ಕಾ ಅಲ್ಲಿದ್ದರು. ಜೆನ್ಸನ್ ಅಲ್ಲಿ ಒಂದು ವರ್ಷ ಕಳೆದರು. ಅದರ ನಡುವೆ, ಪರ್ವತಾರೋಹಣದ ಅನುಭವವೇ ಇಲ್ಲದಿದ್ದರೂ 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಶಿಖರವನ್ನು ಹತ್ತಿ ಬಂದರು. ಇದನ್ನು ಇಲ್ಲಿ ಹೇಳಲು ಕಾರಣವಿದೆ. ಆ ಶಿಖರವನ್ನು ಮೊದಲು ಗೆದ್ದ ಎಡ್ವರ್ಡ್ ವಿಂಪರ್ ಎಂಬ ಇಂಗ್ಲಿಷ್ ಸಾಹಸಿ ಇಟಲಿಯ ಕಡೆಯಿಂದ ಮತ್ತೆ ಮತ್ತೆ ಪ್ರಯತ್ನಿಸಿ ಸೋತಿದ್ದ. ಎಲ್ಲರೂ ಅಸಾಧ್ಯವೆಂದು ಬಿಟ್ಟಿದ್ದ ಸ್ವಿಟ್ಜರ್ಲೆಂಡಿನ ಬದಿಯ ಏಣನ್ನು ಹಿಡಿದು 1865ರಲ್ಲಿ ತುದಿ ಮುಟ್ಟಿದ. ಮುಂದೆ ತಮ್ಮ ಸಂಶೋಧನೆಯಲ್ಲಿ ದಾರಿ ಬದಲಿಸಬೇಕಾಗಿ ಬಂದಾಗ ವಿಂಪರನ ಈ ಪ್ರಸಂಗ ತಮಗೆ ನೆನಪಾಯಿತೆಂದು ಜೆನ್ಸನ್ ಹೇಳಿಕೊಳ್ಳುತ್ತಿದ್ದರು. ವಿಜ್ಞಾನಿಗಳು ತಮ್ಮ ಶೋಧದ ಬಗ್ಗೆ ಇಳಿವಯಸ್ಸಿನಲ್ಲಿ ಹೇಳುವ ಕಥೆಗಳನ್ನು ಪೂರ್ತಿ ನಂಬಬಾರದು. ಆದರೂ ಈ ಕಥೆ ಅವರು ಮಾಡಿದ ಕೆಲಸಕ್ಕೆ ಚೆನ್ನಾಗಿ ಹೊಂದುತ್ತದೆ.

1947ರಲ್ಲಿ ಶಿಕಾಗೊಗೆ ಮರಳಿದಾಗ ಅವರಿಗೆ ಚಾರ್ಲ್ಸ್ ಹಗಿನ್ಸ್ ಅವರ ನೆರಳು ದೊರೆಯಿತು. ಪುರುಷರ ಪ್ರಾಸ್ಟೇಟ್ ಕ್ಯಾನ್ಸರು ಗಂಡು ಹಾರ್ಮೋನನ್ನು ನೆಚ್ಚಿಕೊಂಡು ಬೆಳೆಯುತ್ತದೆ, ಆ ಹಾರ್ಮೋನನ್ನು ತಡೆದರೆ ಕುಗ್ಗುತ್ತದೆ ಎಂಬುದನ್ನು 1941ರಲ್ಲಿ ತೋರಿಸಿದ್ದ ಶಸ್ತ್ರವೈದ್ಯರು ಅವರು. 1966ರಲ್ಲಿ ಅವರಿಗೆ ನೊಬೆಲ್ ಬಂದಿತು. ಹಗಿನ್ಸ್ ಸ್ಥಾಪಿಸಿದ ಬೆನ್ ಮೇ ಕ್ಯಾನ್ಸರ್ ಪ್ರಯೋಗಾಲಯವೇ ಜೆನ್ಸನ್ ಅವರ ಕರ್ಮಭೂಮಿಯಾಯಿತು. 1969ರಿಂದ ಹದಿಮೂರು ವರ್ಷ ಅವರೇ ಅದರ ನಿರ್ದೇಶಕರಾಗಿದ್ದರು.

ಐವತ್ತರ ದಶಕದ ಪಂಡಿತರೆಲ್ಲ ಹಾರ್ಮೋನು ಕಿಣ್ವಗಳ ಜತೆಗೂಡಿ ಕೆಲಸ ಮಾಡುತ್ತದೆಂದು ನಂಬಿದ್ದರು. ಈಸ್ಟ್ರಡಯೋಲ್ ಎಂಬ ರೂಪ ಈಸ್ಟ್ರೋನ್ ಎಂಬ ರೂಪಕ್ಕೆ ಬದಲಾಗುತ್ತದೆ, ಮತ್ತೆ ಹಿಂದಿರುಗುತ್ತದೆ, ಈ ಓಡಾಟದಲ್ಲಿ ಜಲಜನಕವನ್ನು ಒಂದು ಅಣುವಿನಿಂದ ಇನ್ನೊಂದಕ್ಕೆ ಸಾಗಿಸುತ್ತದೆ, ಆ ಶಕ್ತಿಯಿಂದ ಅಂಗ ಬೆಳೆಯುತ್ತದೆ ಎಂಬುದು ಅವರ ವಾದ. ಸುಂದರವಾದ ವಾದವೇ. ಆದರೆ ಅದರಲ್ಲಿ ಎಲ್ಲರ ಕಣ್ಣೂ ನೆಟ್ಟಿದ್ದು ಹಾರ್ಮೋನಿಗೆ ಏನಾಗುತ್ತದೆ, ಹಾರ್ಮೋನು ಏನು ಮಾಡುತ್ತದೆ ಎಂಬುದರ ಮೇಲೆ. ಬೆಳೆಯುವ ಅಂಗ ಹಾರ್ಮೋನನ್ನು ಏನು ಮಾಡುತ್ತದೆ ಎಂದು ಜೆನ್ಸನ್ ಕೇಳಿದರು. ನನ್ನ ದೃಷ್ಟಿಯಲ್ಲಿ ಅವರ ಜೀವನದ ಸಾರವೆಲ್ಲ ಈ ಕರ್ತೃ-ಕರ್ಮಗಳ ಅದಲುಬದಲಿನಲ್ಲಿದೆ.

ಪ್ರಶ್ನೆ ಸರಳವಾದರೂ ಪ್ರಯೋಗ ಸುಲಭವಿರಲಿಲ್ಲ. ಇಲಿಯ ಗರ್ಭಕೋಶವನ್ನು ಬೆಳೆಸಲು ಒಂದು ಮೈಕ್ರೋಗ್ರಾಂಗೂ ಕಡಿಮೆ, ಅಂದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲೊಂದು ಪಾಲಿಗೂ ಕಡಿಮೆ ಈಸ್ಟ್ರಡಯೋಲ್ ಸಾಕು. ಇಷ್ಟು ಸೂಕ್ಷ್ಮ ಪ್ರಮಾಣ ದೇಹದ ಯಾವ ಮೂಲೆಯಲ್ಲಿದೆ ಎಂದು ಪತ್ತೆ ಮಾಡುವುದು ಹೇಗೆ? ಹಾರ್ಮೋನಿಗೆ ವಿಕಿರಣಶೀಲ ಗುರುತು ಅಂಟಿಸಬೇಕು. ಆಗ ಬಳಕೆಯಲ್ಲಿದ್ದ ವಿಕಿರಣಶೀಲ ಇಂಗಾಲದ ಗುರುತು ಈ ಕೆಲಸಕ್ಕೆ ತೀರ ಮಂಕಾಗಿತ್ತು. ಜೆನ್ಸನ್ ಮತ್ತು ಅವರ ಸಹೋದ್ಯೋಗಿ ಹರ್ಬರ್ಟ್ ಜೇಕಬ್ಸನ್ ವಿಕಿರಣಶೀಲ ಜಲಜನಕವಾದ ಟ್ರೀಷಿಯಂ ಅನಿಲವನ್ನು ಆರಿಸಿಕೊಂಡರು. ಶುದ್ಧ ಟ್ರೀಷಿಯಂ ಅನಿಲವನ್ನು ಸುರಕ್ಷಿತವಾಗಿ ಹಿಡಿದು ಹಾರ್ಮೋನಿನ ಅಣುವಿಗೆ ಸೇರಿಸುವ ಉಪಕರಣವನ್ನು ತಾವೇ ಕಟ್ಟಿಕೊಂಡರು. ವಿಷಾನಿಲಗಳೊಡನೆ ಕಳೆದ ಯುದ್ಧಕಾಲದ ದಿನಗಳು ಇಂಥ ಕೆಲಸಕ್ಕೆ ಬೇಕಾದ ಎಚ್ಚರವನ್ನು ಕಲಿಸಿದ್ದಿರಬೇಕು.

ಎಳೆಯ ಹೆಣ್ಣಿಲಿಗಳಿಗೆ ಈ ಗುರುತಿನ ಹಾರ್ಮೋನನ್ನು ಚುಚ್ಚಿ, ಗಂಟೆಗೊಮ್ಮೆ ಅಂಗಾಂಶಗಳನ್ನು ತೆಗೆದು ವಿಕಿರಣವನ್ನು ಅಳೆದರು. ರಕ್ತ, ಯಕೃತ್ತು, ಮೂತ್ರಪಿಂಡ, ಸ್ನಾಯು, ಮೂಳೆ ಎಲ್ಲದರಲ್ಲೂ ಹಾರ್ಮೋನು ಏರಿತು, ಸ್ವಲ್ಪ ಹೊತ್ತಿನಲ್ಲೇ ಇಳಿಯಿತು. ಮೂರು ಕಡೆ ಮಾತ್ರ ಬೇರೆಯೇ ನಡೆಯಿತು. ಗರ್ಭಕೋಶ, ಯೋನಿ ಮತ್ತು ಮಿದುಳಿನ ಬುಡದ ಪಿಟ್ಯುಟರಿಯ ಮುಂಭಾಗ ಹಾರ್ಮೋನನ್ನು ಹೀರಿ ಹಿಡಿದಿಟ್ಟುಕೊಂಡವು. ರಕ್ತದಲ್ಲಿ ಅದು ಬಹುತೇಕ ಖಾಲಿಯಾದ ಮೇಲೂ ಗಂಟೆಗಟ್ಟಲೆ ಬಿಡಲಿಲ್ಲ. ಹೀಗೆ ಹಿಡಿದಿಟ್ಟ ಹಾರ್ಮೋನನ್ನು ಹೊರತೆಗೆದು ನೋಡಿದರೆ ಅದು ಎಳ್ಳಷ್ಟೂ ಬದಲಾಗಿರಲಿಲ್ಲ. ಚುಚ್ಚಿದ್ದು ಈಸ್ಟ್ರಡಯೋಲ್, ಸಿಕ್ಕಿದ್ದೂ ಈಸ್ಟ್ರಡಯೋಲ್. ರೂಪಾಂತರವೇ ಆಗದಿದ್ದ ಮೇಲೆ ರೂಪಾಂತರದಿಂದ ಅಂಗ ಬೆಳೆಯುತ್ತದೆ ಎಂಬ ವಾದಕ್ಕೆ ನೆಲೆ ಎಲ್ಲಿ? ಈ ಮೂರು ಅಂಗಾಂಶಗಳಲ್ಲಿ ಹಾರ್ಮೋನನ್ನು ಹಿಡಿಯುವ ಏನೋ ಒಂದು ವಸ್ತುವಿದೆ, ಉಳಿದವುಗಳಲ್ಲಿ ಅದು ಇಲ್ಲ ಅಥವಾ ತೀರ ಕಡಿಮೆ ಇದೆ. ಅದನ್ನೇ ರಿಸೆಪ್ಟರ್ ಎಂದರು. ಕನ್ನಡದಲ್ಲಿ ‘ಗ್ರಾಹಕ’ ಎಂದರೆ ಅಂಗಡಿಯ ನೆನಪಾಗುವುದರಿಂದ ನಾನು ‘ಗ್ರಾಹಿ’ ಎನ್ನುತ್ತೇನೆ.

ಇದು ಇಲಿಯೊಂದರ ವಿಶೇಷವಲ್ಲವೆಂಬುದಕ್ಕೆ ಸಾಕ್ಷಿಯೂ ಬೇಗನೆ ಬಂದಿತು. 1959ರಲ್ಲಿ ಇಂಗ್ಲೆಂಡಿನ ಗ್ಲಾಸ್ಕಾಕ್ ಮತ್ತು ಹೂಕ್‌ಸ್ಟ್ರಾ ಎಂಬುವರು ಈಸ್ಟ್ರೋಜೆನ್ನಿನಂತೆ ವರ್ತಿಸುವ ಇನ್ನೊಂದು ವಸ್ತುವನ್ನು ಮೇಕೆ ಮತ್ತು ಕುರಿಗಳಿಗೆ ಕೊಟ್ಟು, ಅಲ್ಲಿಯೂ ಪ್ರಜನನದ ಅಂಗಗಳೇ ಅದನ್ನು ಸಂಗ್ರಹಿಸುತ್ತವೆಂದು ಪ್ರಕಟಿಸಿದರು. ಸಸ್ತನಿಗಳ ಜಗತ್ತಿನಲ್ಲಿ ಇದೊಂದು ಸಾಮಾನ್ಯ ನಿಯಮವೆಂಬ ಸುಳಿವು ಸಿಕ್ಕಿತು. 1966ರಲ್ಲಿ ಜಾಕ್ ಗೋರ್ಸ್ಕಿ ಅವರ ತಂಡ ಗ್ರಾಹಿಯು ಒಂದು ಪ್ರೋಟೀನೆಂದು ತೋರಿಸಿತು. 1968ರಲ್ಲಿ ಜೆನ್ಸನ್ ಮತ್ತು ಗೋರ್ಸ್ಕಿ ಬೇರೆ ಬೇರೆಯಾಗಿ ಒಂದೇ ಚಿತ್ರವನ್ನು ಮುಂದಿಟ್ಟರು. ಹಾರ್ಮೋನು ಕೋಶದೊಳಗೆ, ಕೋಶಕೇಂದ್ರದ ಹೊರಗಿನ ದ್ರವದಲ್ಲಿ ಗ್ರಾಹಿಯನ್ನು ಕೂಡುತ್ತದೆ, ಆಮೇಲೆ ಎರಡೂ ಸೇರಿ ಕೋಶಕೇಂದ್ರದೊಳಗೆ ಹೋಗಿ ಜೀನುಗಳನ್ನು ಎಬ್ಬಿಸುತ್ತವೆ ಎಂಬ ಎರಡು ಹಂತಗಳ ಚಿತ್ರ ಅದು.

ಆ ಚಿತ್ರದ ಮೊದಲ ಭಾಗ ಉಳಿಯಲಿಲ್ಲ. ಜೆನ್ಸನ್ ಅವರ ಪ್ರಯೋಗಾಲಯದಲ್ಲೇ ಜೆಫ್ರಿ ಗ್ರೀನ್ ಅವರು ಗ್ರಾಹಿಯನ್ನು ಗುರುತಿಸಬಲ್ಲ ಪ್ರತಿಕಾಯಗಳನ್ನು ತಯಾರಿಸಿದ್ದರು. 1984ರಲ್ಲಿ ಅವುಗಳನ್ನು ಬಳಸಿ ನೋಡಿದಾಗ, ಹಾರ್ಮೋನು ಬರುವ ಮೊದಲೇ ಗ್ರಾಹಿ ಕೋಶಕೇಂದ್ರದಲ್ಲಿ ಕುಳಿತಿರುವುದು ಕಂಡಿತು. ಗುರುವಿನ ಚಿತ್ರವನ್ನು ಗುರುವಿನ ಮನೆಯಲ್ಲೇ ತಯಾರಾದ ಸಾಧನ ತಿದ್ದಿತು. ಜೆನ್ಸನ್ ಈ ತಿದ್ದುಪಡಿಯನ್ನು ಒಪ್ಪಿಕೊಂಡು ಮುಂದೆ ಸಾಗಿದರು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇಂಥ ಸಂದರ್ಭ ಎಷ್ಟು ಬಾರಿ ಬಂದೀತು ಎಂದು ನಾನು ಆಗಾಗ ಯೋಚಿಸಿದ್ದುಂಟು.

ಈ ಎಲ್ಲ ಇಲಿಗಳ ಕಥೆ ಮನುಷ್ಯರ ಕಥೆಯಾದದ್ದು ಸ್ತನದ ಕ್ಯಾನ್ಸರಿನ ಮೂಲಕ. 1896ರಲ್ಲಿ ಗ್ಲಾಸ್ಗೊ ನಗರದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ ಅಂಡಾಶಯಗಳನ್ನು ತೆಗೆದರೆ ಕೆಲವು ಮಹಿಳೆಯರಲ್ಲಿ ಸ್ತನದ ಗಡ್ಡೆ ಕರಗುವುದನ್ನು ವರದಿ ಮಾಡಿದ್ದರು. ಅಂಡಾಶಯವಿಲ್ಲದಿದ್ದರೂ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಸ್ರಾವದಿಂದ ದೇಹದಲ್ಲಿ ಸ್ವಲ್ಪ ಈಸ್ಟ್ರೋಜೆನ್ ಉತ್ಪತ್ತಿಯಾಗುತ್ತದೆ. ಆದ್ದರಿಂದ ಐವತ್ತರ ದಶಕದಲ್ಲಿ ಹಗಿನ್ಸ್ ಮತ್ತಿತರರು ಅಡ್ರಿನಲ್ ಗ್ರಂಥಿಗಳನ್ನೂ ತೆಗೆಯತೊಡಗಿದರು. ಕೆಲವೆಡೆ ಪಿಟ್ಯುಟರಿಯನ್ನೂ ತೆಗೆದರು. ರೋಗ ಹರಡಿ ಬಳಲಿದ ಹೆಣ್ಣುಮಕ್ಕಳ ಮೇಲೆ ನಡೆಯುತ್ತಿದ್ದ ಘೋರ ಶಸ್ತ್ರಕ್ರಿಯೆಗಳಿವು. ಅಡ್ರಿನಲ್ ಕಳೆದುಕೊಂಡವರು ಬದುಕಿರುವಷ್ಟು ಕಾಲವೂ ಬೇರೆ ಹಾರ್ಮೋನುಗಳ ಮಾತ್ರೆ ನುಂಗಬೇಕಿತ್ತು. ಇಷ್ಟಾದರೂ ಪ್ರಯೋಜನವಾಗುತ್ತಿದ್ದುದು ಸುಮಾರು ಮೂವರಲ್ಲಿ ಒಬ್ಬರಿಗೆ. ಉಳಿದ ಇಬ್ಬರಿಗೆ ಗಾಯ ಮಾತ್ರ. ಆ ಒಬ್ಬರು ಯಾರೆಂದು ಮೊದಲೇ ತಿಳಿಯುವ ಉಪಾಯ ಯಾರಲ್ಲೂ ಇರಲಿಲ್ಲ.

ಜೆನ್ಸನ್ ತಮ್ಮ ಹಳೆಯ ಪ್ರಯೋಗವನ್ನು ಸ್ವಲ್ಪ ತಿರುಗಿಸಿದರು. ಮೊದಲು ಒಂದೇ ಪ್ರಾಣಿಯ ಬೇರೆ ಬೇರೆ ಅಂಗಾಂಶಗಳನ್ನು ಹೋಲಿಸಿದ್ದರು. ಈಗ ಬೇರೆ ಬೇರೆ ರೋಗಿಗಳ ಒಂದೇ ಅಂಗಾಂಶವನ್ನು ಹೋಲಿಸಿದರು. ಗಡ್ಡೆಯ ತುಣುಕಿನಲ್ಲಿ ಗ್ರಾಹಿ ಎಷ್ಟಿದೆ ಎಂದು ಅಳೆದು, ಆಮೇಲೆ ಗ್ರಂಥಿ ತೆಗೆದದ್ದರಿಂದ ಯಾರಿಗೆ ಗುಣ ಕಂಡಿತೆಂದು ನೋಡಿದರು. 1971ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಂತೆ, ಗ್ರಾಹಿ ಇಲ್ಲದ ಅಥವಾ ತೀರ ಕಡಿಮೆ ಇದ್ದ ಗಡ್ಡೆಗಳು ಗ್ರಂಥಿ ತೆಗೆದರೂ ಜಗ್ಗುತ್ತಿರಲಿಲ್ಲ. ಗ್ರಾಹಿ ಹೇರಳವಾಗಿದ್ದವರಲ್ಲಿ ಬಹುಪಾಲು ಜನಕ್ಕೆ ಅನುಕೂಲವಾಗುತ್ತಿತ್ತು. ಅಂದರೆ ಕತ್ತರಿ ಹಿಡಿಯುವ ಮೊದಲೇ ಬೇಡವೆಂದು ಹೇಳುವ ಸಾಧ್ಯತೆ ಹುಟ್ಟಿತು. ಚಿಕಿತ್ಸೆಯ ಚರಿತ್ರೆಯಲ್ಲಿ ಹೊಸ ಔಷಧಿಯ ಶೋಧವನ್ನು ನಾವು ಕೊಂಡಾಡುತ್ತೇವೆ. ವ್ಯರ್ಥವಾಗಬಹುದಾಗಿದ್ದ ಶಸ್ತ್ರಕ್ರಿಯೆಯಿಂದ ಸಾವಿರಾರು ಹೆಣ್ಣುಮಕ್ಕಳನ್ನು ಉಳಿಸಿದ ಈ ‘ಬೇಡ’ ಎಂಬ ಉತ್ತರಕ್ಕೆ ನಾನು ಅದಕ್ಕಿಂತ ಕಡಿಮೆ ಬೆಲೆ ಕಟ್ಟಲಾರೆ.

ಔಷಧಿಯೂ ಬಂದಿತು. ಇಂಗ್ಲೆಂಡಿನ ಐ.ಸಿ.ಐ. ಕಂಪನಿಯಲ್ಲಿ ಗರ್ಭನಿರೋಧಕವನ್ನು ಹುಡುಕುತ್ತಿದ್ದಾಗ 1962ರಲ್ಲಿ ತಯಾರಾದ ಟ್ಯಾಮೊಕ್ಸಿಫೆನ್ ಆ ಕೆಲಸಕ್ಕೆ ಬಾರದೆ ಮೂಲೆ ಸೇರಬೇಕಾಗಿತ್ತು. ಅದು ಈಸ್ಟ್ರೋಜೆನ್ ಕೂರುವ ಜಾಗದಲ್ಲಿ ತಾನು ಕುಳಿತು ಗಡ್ಡೆಯ ಬೆಳವಣಿಗೆಯನ್ನು ತಡೆಯುತ್ತದೆಂದು ತೋರಿಸಿದವರಲ್ಲಿ ಮುಖ್ಯರಾದ ಕ್ರೇಗ್ ಜೋರ್ಡನ್ ಗ್ರಾಹಿಯನ್ನು ಅಳೆಯುವ ವಿದ್ಯೆಯನ್ನು ಕಲಿತದ್ದು ಜೆನ್ಸನ್ ಅವರ ಬಳಿಯಲ್ಲೇ. 1973ರಲ್ಲಿ ಬ್ರಿಟನ್ನಿನಲ್ಲಿ, 1977ರಲ್ಲಿ ಅಮೆರಿಕದಲ್ಲಿ ಟ್ಯಾಮೊಕ್ಸಿಫೆನ್ ಬಳಕೆಗೆ ಒಪ್ಪಿಗೆ ಸಿಕ್ಕಿತು. ಗ್ರಂಥಿಗಳನ್ನು ಕತ್ತರಿಸುವ ಕಾಲ ಬಹುಮಟ್ಟಿಗೆ ಮುಗಿಯಿತು.

ಆದರೆ ಗ್ರಾಹಿಯ ಜೀನು ಕೈಗೆ ಸಿಕ್ಕಿದ ಮೇಲೆ ಅಂಗಾಂಶಗಳ ನಡುವಣ ಭೇದದ ಪ್ರಶ್ನೆ ಇನ್ನಷ್ಟು ಜಟಿಲವಾಯಿತು. 1986ರಲ್ಲಿ ಫ್ರಾನ್ಸಿನ ಪಿಯರ್ ಶಾಂಬೋ ಅವರ ತಂಡವೂ ಶಿಕಾಗೊದ ಗ್ರೀನ್ ಮತ್ತು ಅವರ ಜತೆಗಾರರೂ ಮಾನವನ ಈಸ್ಟ್ರೋಜೆನ್ ಗ್ರಾಹಿಯ ಜೀನಿನ ಸಂಕೇತವನ್ನು ಓದಿದರು. 595 ಅಮೈನೋ ಆಮ್ಲಗಳ ಪ್ರೋಟೀನು ಅದು. ನಮ್ಮ ಆರನೇ ವರ್ಣತಂತುವಿನ ಮೇಲಿರುವ ಈ ಜೀನು ಗರ್ಭಕೋಶದ ಕೋಶದಲ್ಲಿರುವಂತೆಯೇ ಕಿರುಬೆರಳಿನ ಕೋಶದಲ್ಲೂ ಇದೆ. ಎಲ್ಲ ಕೋಶಗಳಿಗೂ ಪಿತ್ರಾರ್ಜಿತ ಒಂದೇ. ಒಂದು ಅಂಗಾಂಶ ಅದನ್ನು ತೆರೆದು ಓದುತ್ತದೆ, ಇನ್ನೊಂದು ಮುಚ್ಚಿಡುತ್ತದೆ. ಜೆನ್ಸನ್ ಟ್ರೀಷಿಯಂ ಹಿಡಿದು ಅಳೆದದ್ದು ಜೀನು ಇದೆಯೋ ಇಲ್ಲವೋ ಎಂಬುದನ್ನಲ್ಲ, ಅದನ್ನು ಎಲ್ಲಿ ಎಷ್ಟು ಓದಲಾಗುತ್ತಿದೆ ಎಂಬುದನ್ನು.

1993ರಲ್ಲಿ ಅಮೆರಿಕದ ವಿಜ್ಞಾನಿಗಳು ಈ ಜೀನನ್ನು ಕೆಡಿಸಿದ ಇಲಿಗಳನ್ನು ಬೆಳೆಸಿದರು. ಗ್ರಾಹಿಯಿಲ್ಲದೆ ಭ್ರೂಣ ಉಳಿಯದೆಂದು ಅನೇಕರು ಊಹಿಸಿದ್ದರು. ಇಲಿಗಳು ಬದುಕಿದವು, ಆದರೆ ಸಂತಾನ ಪಡೆಯಲಿಲ್ಲ. ಮರುವರ್ಷವೇ ಮನುಷ್ಯನಲ್ಲೂ ಅಂಥದೊಂದು ಉದಾಹರಣೆ ವೈದ್ಯಕೀಯ ಸಾಹಿತ್ಯದಲ್ಲಿ ಕಾಣಿಸಿತು. ಅವನು 28 ವರ್ಷದ ಗಂಡಸು, ಎತ್ತರ 204 ಸೆಂಟಿಮೀಟರ್, ಮತ್ತು ಆ ವಯಸ್ಸಿನಲ್ಲೂ ಬೆಳೆಯುತ್ತಲೇ ಇದ್ದ. ಹದಿಹರೆಯದ ಕೊನೆಯಲ್ಲಿ ಮುಚ್ಚಬೇಕಾದ ಮೂಳೆಯ ತುದಿಗಳು ಮುಚ್ಚಿರಲಿಲ್ಲ, ಮೂಳೆಗಳು ಟೊಳ್ಳಾಗಿದ್ದವು. ರಕ್ತದಲ್ಲಿ ಈಸ್ಟ್ರೋಜೆನ್ ಧಾರಾಳವಾಗಿತ್ತು, ಅದನ್ನು ಕೇಳಿಸಿಕೊಳ್ಳುವ ಗ್ರಾಹಿ ಕೆಟ್ಟಿತ್ತು. ಹೆಣ್ಣಿನ ಹಾರ್ಮೋನೆಂದು ನಾವು ಪಠ್ಯಪುಸ್ತಕಗಳಲ್ಲಿ ಬರೆದದ್ದು ಗಂಡಿನ ಮೂಳೆಗೂ ಅನಿವಾರ್ಯವೆಂದು ಈ ಒಬ್ಬ ರೋಗಿಯಿಂದ ಜಗತ್ತು ಕಲಿಯಿತು.

1996ರಲ್ಲಿ ಇನ್ನೊಂದು ಅನಿರೀಕ್ಷಿತ ಸುದ್ದಿ ಸ್ವೀಡನ್ನಿನಿಂದ ಬಂದಿತು. ಕರೋಲಿನ್ಸ್ಕಾ ಸಂಸ್ಥೆಯ ಯಾನ್-ಓಕೆ ಗುಸ್ತಾಫ್ಸನ್ ಮತ್ತು ಅವರ ಸಹೋದ್ಯೋಗಿ ಜಾರ್ಜ್ ಕೈಪರ್ ಗಂಡಿಲಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ ಎರಡನೆಯ ಈಸ್ಟ್ರೋಜೆನ್ ಗ್ರಾಹಿಯನ್ನು ಕಂಡುಹಿಡಿದರು. ಮೊದಲಿನದಕ್ಕೆ ಆಲ್ಫಾ ಎಂದೂ ಇದಕ್ಕೆ ಬೀಟಾ ಎಂದೂ ಹೆಸರಾಯಿತು. ಮನುಷ್ಯನಲ್ಲಿ ಬೀಟಾದ ಜೀನು ಹದಿನಾಲ್ಕನೇ ವರ್ಣತಂತುವಿನ ಮೇಲಿದೆ. ಎರಡರಲ್ಲೂ ಡಿ.ಎನ್.ಎ.ಯನ್ನು ಹಿಡಿಯುವ ಭಾಗ ಬಹುತೇಕ ಒಂದೇ, ಹಾರ್ಮೋನನ್ನು ಹಿಡಿಯುವ ಭಾಗದಲ್ಲಿ ಮಾತ್ರ ಸಾಕಷ್ಟು ವ್ಯತ್ಯಾಸವಿದೆ. ಇಲಿಯ ಅಂಗಾಂಶಗಳನ್ನು ಒಂದೊಂದಾಗಿ ಹೋಲಿಸಿದಾಗ ಗರ್ಭಕೋಶ, ಪಿಟ್ಯುಟರಿ, ಯಕೃತ್ತುಗಳಲ್ಲಿ ಆಲ್ಫಾದ ಪ್ರಾಬಲ್ಯ, ಪ್ರಾಸ್ಟೇಟ್ ಮತ್ತು ಅಂಡಾಶಯದ ಅಂಡವನ್ನು ಸುತ್ತುವರಿದ ಕೋಶಗಳಲ್ಲಿ ಬೀಟಾದ ಪ್ರಾಬಲ್ಯ ಎದ್ದು ಕಂಡಿತು. ಮೂವತ್ತೆಂಟು ವರ್ಷ ಒಂದೇ ಗ್ರಾಹಿ ಎಂದುಕೊಂಡದ್ದು ಎರಡಾಗಿತ್ತು. ಆಗ ಎಪ್ಪತ್ತು ದಾಟಿದ್ದ ಜೆನ್ಸನ್ ಇದರಿಂದ ಕುಗ್ಗಲಿಲ್ಲ. ಮುಂದೆ ಅವರೇ ಸ್ಟಾಕ್‌ಹೋಮ್‌ಗೆ ಹೋಗಿ ಗುಸ್ತಾಫ್ಸನ್ ಅವರ ಜತೆಗೂಡಿ ಕೆಲಸ ಮಾಡಿದರು.

ಟ್ಯಾಮೊಕ್ಸಿಫೆನ್ನಿನ ಒಗಟೂ ಅಂಗಾಂಶಗಳ ಭೇದದ್ದೇ. ಸ್ತನದಲ್ಲಿ ಅದು ಈಸ್ಟ್ರೋಜೆನ್ನಿಗೆ ಶತ್ರು. ಗರ್ಭಕೋಶದ ಒಳಪದರದಲ್ಲಿ ಅದೇ ಈಸ್ಟ್ರೋಜೆನ್ನಿನಂತೆ ವರ್ತಿಸಿ ಅಲ್ಲಿ ಕ್ಯಾನ್ಸರಿನ ಅಪಾಯವನ್ನು ತುಸು ಹೆಚ್ಚಿಸುತ್ತದೆ. ಎರಡೂ ಕಡೆ ಇರುವುದು ಅದೇ ಆಲ್ಫಾ ಗ್ರಾಹಿ. ಹಾಗಿದ್ದರೆ ಭೇದ ಎಲ್ಲಿಂದ ಬಂತು? ಗ್ರಾಹಿಯ ಸುತ್ತ ನಿಂತು ಅದಕ್ಕೆ ನೆರವಾಗುವ ಪ್ರೋಟೀನುಗಳು ಒಂದೊಂದು ಅಂಗಾಂಶದಲ್ಲಿ ಒಂದೊಂದು ಪ್ರಮಾಣದಲ್ಲಿವೆ. ಗರ್ಭಕೋಶದ ಕೋಶಗಳಲ್ಲಿ ಹೇರಳವಾಗಿರುವ ಅಂಥದೊಂದು ಸಹಾಯಕ ಪ್ರೋಟೀನು ಟ್ಯಾಮೊಕ್ಸಿಫೆನ್ ಕುಳಿತಾಗಲೂ ಗ್ರಾಹಿಗೆ ಕೈಜೋಡಿಸುತ್ತದೆಂದು 2002ರಲ್ಲಿ ತಿಳಿಯಿತು. ಈ ಭೇದವನ್ನೇ ಬಂಡವಾಳ ಮಾಡಿಕೊಂಡು, ಮೂಳೆಯಲ್ಲಿ ಈಸ್ಟ್ರೋಜೆನ್ನಿನಂತೆಯೂ ಸ್ತನ ಮತ್ತು ಗರ್ಭಕೋಶಗಳಲ್ಲಿ ಅದರ ವಿರುದ್ಧವಾಗಿಯೂ ನಡೆಯುವ ರಾಲೊಕ್ಸಿಫೆನ್ 1997ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಿತು.

ನಮ್ಮ ದೇಶ ಈ ಸಾಲಿನಲ್ಲಿ ಹಿಂದಿರಲಿಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ಸೆಂಟ್‌ಕ್ರೋಮನ್ ಇದೇ ವರ್ಗದ ಅಣು. ಗರ್ಭಕೋಶದಲ್ಲಿ ಈಸ್ಟ್ರೋಜೆನ್ನಿನ ಕೆಲಸವನ್ನು ತಡೆದು ಗರ್ಭ ನಿಲ್ಲದಂತೆ ಮಾಡುತ್ತದೆ. 1991ರಲ್ಲಿ ‘ಸಹೇಲಿ’ ಎಂಬ ಹೆಸರಿನಲ್ಲಿ ಬಂದು, 2016ರಲ್ಲಿ ‘ಛಾಯಾ’ ಎಂಬ ಹೆಸರಿನಲ್ಲಿ ಸರ್ಕಾರಿ ಕುಟುಂಬ ಯೋಜನೆಗೆ ಸೇರಿತು. ವಾರಕ್ಕೊಮ್ಮೆ ನುಂಗುವ ಆ ಗುಳಿಗೆಯನ್ನು ಕೊಡುವ ಆಶಾ ಕಾರ್ಯಕರ್ತೆಗೆ ಜೆನ್ಸನ್ ಅವರ ಹೆಸರು ಗೊತ್ತಿರಬೇಕಾಗಿಲ್ಲ. ಆದರೆ ಅದು ಯಾವ ಬೀಗಕ್ಕೆ ಹೊಂದುವ ಕೀಲಿಯೋ, ಆ ಬೀಗವನ್ನು ಮೊದಲು ಕಂಡವರು ಅವರು.

ಮೂರು ಅಂಗಾಂಶಗಳಿಂದ ಶುರುವಾದ ಹೋಲಿಕೆ ಎಲ್ಲಿಗೆ ಮುಟ್ಟಿತೆಂಬುದಕ್ಕೆ 2006ರ ಒಂದು ಅಧ್ಯಯನವನ್ನು ನೋಡಬಹುದು. ಈಸ್ಟ್ರೋಜೆನ್ ಗ್ರಾಹಿಗೆ ದಾಯಾದಿಗಳಾದ ಪ್ರೋಟೀನುಗಳ ಒಂದು ದೊಡ್ಡ ಕುಟುಂಬವೇ ಇದೆ. ಕಾರ್ಟಿಸೋಲ್, ಥೈರಾಯ್ಡ್ ಹಾರ್ಮೋನು, ಎ ಮತ್ತು ಡಿ ಜೀವಸತ್ವಗಳನ್ನು ಹಿಡಿಯುವ ಗ್ರಾಹಿಗಳೆಲ್ಲ ಅದರ ಸದಸ್ಯರು. ಮನುಷ್ಯನಲ್ಲಿ ಇವು 48, ಇಲಿಯಲ್ಲಿ 49. ಅಮೆರಿಕದ ಸಂಶೋಧಕರು ಇಲಿಯ ಆ 49 ಜೀನುಗಳೂ 39 ಅಂಗಾಂಶಗಳಲ್ಲಿ ಎಷ್ಟೆಷ್ಟು ಓದಲ್ಪಡುತ್ತವೆಂದು ಅಳೆದು ಪಟ್ಟಿ ಮಾಡಿದರು. ಒಂದು ಗುಂಪಿನ ಗ್ರಾಹಿಗಳು ಸಂತಾನ ಮತ್ತು ಬೆಳವಣಿಗೆಯ ಅಂಗಗಳಲ್ಲಿ, ಇನ್ನೊಂದು ಗುಂಪಿನವು ಆಹಾರವನ್ನು ಪಚನ ಮಾಡಿ ಶೇಖರಿಸುವ ಅಂಗಗಳಲ್ಲಿ ಒಟ್ಟಾಗಿ ಕಾಣಿಸಿದವು. ಆ ಪಟ್ಟಿಯನ್ನು ಓದಿದರೆ ಒಂದು ಸಸ್ತನಿಯ ಸಂಸಾರ ತಾಪತ್ರಯವನ್ನೆಲ್ಲ ಜಮಾಖರ್ಚಿನ ಪುಸ್ತಕದಲ್ಲಿ ಕಂಡಂತಾಗುತ್ತದೆ.

ಜೆನ್ಸನ್ ಶಿಕಾಗೊವನ್ನು ಬಿಟ್ಟ ಮೇಲೆ ಜ್ಯೂರಿಕ್‌ನ ಲುಡ್‌ವಿಗ್ ಕ್ಯಾನ್ಸರ್ ಸಂಸ್ಥೆಯಲ್ಲಿ, ಹ್ಯಾಂಬರ್ಗ್‌ನಲ್ಲಿ, ಸ್ಟಾಕ್‌ಹೋಮ್‌ನಲ್ಲಿ ದುಡಿದು, ಎಂಬತ್ತು ದಾಟಿದ ವಯಸ್ಸಿನಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ನೆಲೆಸಿದರು. 2004ರಲ್ಲಿ ಶಾಂಬೋ ಮತ್ತು ರೊನಾಲ್ಡ್ ಇವಾನ್ಸ್ ಅವರೊಡನೆ ಲಾಸ್ಕರ್ ಪ್ರಶಸ್ತಿ ಬಂದಿತು. ನೊಬೆಲ್ ಬರಲಿಲ್ಲ. ಅವರ ಹೆಸರು ಬರಬೇಕೆಂದು ಕಾದವರು ಅನೇಕರಿದ್ದರು. ನನಗೇನೋ ಆ ಸಮಿತಿಯ ಉದಾಸೀನ ಇಂದಿಗೂ ಅರ್ಥವಾಗುವುದಿಲ್ಲ. 2012ರ ಡಿಸೆಂಬರ್ 16ರಂದು, 92ನೇ ವಯಸ್ಸಿನಲ್ಲಿ, ಅವರು ಸಿನ್ಸಿನಾಟಿಯಲ್ಲಿ ತೀರಿಕೊಂಡರು.

ಭಾರತದಲ್ಲಿ 2022ರ ಅಂದಾಜಿನಂತೆ ಒಂದು ವರ್ಷದಲ್ಲಿ ಸುಮಾರು 1.9 ಲಕ್ಷ ಮಹಿಳೆಯರಿಗೆ ಸ್ತನದ ಕ್ಯಾನ್ಸರ್ ತಗುಲಿತು. ಗ್ರಾಹಿ ಇರುವ ಗಡ್ಡೆಗಳಲ್ಲಿ ಐದು ವರ್ಷ ಟ್ಯಾಮೊಕ್ಸಿಫೆನ್ ಸೇವಿಸಿದರೆ ಮುಂದಿನ ಹದಿನೈದು ವರ್ಷಗಳಲ್ಲಿ ಆ ರೋಗದಿಂದ ಸಾಯುವ ಅಪಾಯ ಸುಮಾರು ಮೂರನೇ ಒಂದರಷ್ಟು ಇಳಿಯುತ್ತದೆ. ಗ್ರಾಹಿ ಇಲ್ಲದ ಗಡ್ಡೆಯಲ್ಲಿ ಈ ಮಾತ್ರೆ ನಿಷ್ಪ್ರಯೋಜಕ. ಅದು ಅಗ್ಗದ ಮಾತ್ರೆ, ಬಡವರ ಕೈಗೂ ಎಟಕುವಂಥದು. ಪಶ್ಚಿಮದ ದೇಶಗಳಲ್ಲಿ ನಾಲ್ಕರಲ್ಲಿ ಮೂರರಷ್ಟು ಗಡ್ಡೆಗಳು ‘ಪಾಸಿಟಿವ್’ ಎನಿಸಿದರೆ ನಮ್ಮ ದೇಶದ ಹಲವು ವರದಿಗಳಲ್ಲಿ ಈ ಪ್ರಮಾಣ ಅದಕ್ಕಿಂತ ಕಡಿಮೆ. ನಮ್ಮಲ್ಲಿ ರೋಗಿಗಳು ಹೆಚ್ಚಾಗಿ ಚಿಕ್ಕ ವಯಸ್ಸಿನವರೆಂಬುದು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಶಸ್ತ್ರಕ್ರಿಯೆಯ ಕೊಠಡಿಗೂ ಪ್ರಯೋಗಾಲಯಕ್ಕೂ ನಡುವಿನ ದಾರಿಯಲ್ಲಿದೆ. ಗ್ರಾಹಿ ಬೇಗ ಹಾಳಾಗುವ ಪ್ರೋಟೀನು. ತೆಗೆದ ತುಣುಕು ಟ್ರೇಯಲ್ಲಿ ಗಂಟೆಗಟ್ಟಲೆ ಬಿದ್ದಿದ್ದರೆ, ನೂರರಲ್ಲಿ ಒಂದು ಕೋಶ ಬಣ್ಣ ಹಿಡಿದರೂ ಪಾಸಿಟಿವ್ ಎನ್ನುವ ಪರೀಕ್ಷೆಯಲ್ಲೂ ಇದ್ದ ಗ್ರಾಹಿ ಇಲ್ಲವೆಂದು ಬರಬಹುದು, ಆ ಮಹಿಳೆ ಮಾತ್ರೆಯಿಂದ ವಂಚಿತಳಾಗಬಹುದು. ತುಣುಕು ದೇಹದಿಂದ ಬಂದ ಒಂದು ಗಂಟೆಯೊಳಗೆ ಫಾರ್ಮಲಿನ್ ದ್ರಾವಣವನ್ನು ಸೇರಬೇಕು, ಅದರಲ್ಲಿ ಆರು ಗಂಟೆಗೆ ಕಡಿಮೆಯಿಲ್ಲದೆ, 72 ಗಂಟೆ ಮೀರದೆ ಇರಬೇಕು ಎಂಬುದು ಅಂತಾರಾಷ್ಟ್ರೀಯ ನಿಯಮ. ಈ ಎರಡು ಸಮಯಗಳನ್ನು ವರದಿಯಲ್ಲಿ ನಮೂದಿಸುವುದಕ್ಕೆ ಒಂದು ಗಡಿಯಾರ, ಒಂದು ಪೆನ್ನು ಇದ್ದರೆ ಸಾಕು. ‘ನೆಗೆಟಿವ್’ ಎಂಬ ಉತ್ತರದ ಬಗ್ಗೆ ವೈದ್ಯರಿಗೇ ಸಂಶಯವಿದ್ದಲ್ಲಿ, ಮೇಣದ ಅಚ್ಚಿನಲ್ಲಿ ಉಳಿಸಿಟ್ಟ ಅದೇ ತುಣುಕನ್ನು ಮತ್ತೊಂದು ಪ್ರಯೋಗಾಲಯದಲ್ಲಿ ಇನ್ನೊಮ್ಮೆ ಪರೀಕ್ಷಿಸಬಹುದು. ಆ ಅಚ್ಚನ್ನು ಕೇಳಿ ಪಡೆಯಲು ರೋಗಿಗೆ ಅವಕಾಶವಿದೆ.